ಆನಂದರಾಯರು ಬಿಟ್ಟ ಮನೆ, ಕಟ್ಟಿದ ಊರು

ಮಂಗಳೂರಿನ ಬಲ್ಮಠ ಎಂದರೆ ನಮಗೆ ಮೊದಲು ನೆನಪಾಗುವುದು ಹರ್ಮನ್ ಮೋಗ್ಲಿಂಗ್ ಮತ್ತು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. 1843ರ ಜುಲೈಯಲ್ಲಿ ಆ ಪತ್ರಿಕೆ ಆರಂಭವಾಗಿ ಆರು ತಿಂಗಳಾಗಿತ್ತಷ್ಟೆ. ಮೋಗ್ಲಿಂಗರ ಶಾಲೆಯಲ್ಲಿ ಕಲಿತ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದರು. ಜತೆಗೆ ಇನ್ನಿಬ್ಬರು ಯುವಕರೂ ಇದ್ದರು. ಊರು ಕೆರಳಿತು. ಆನಂದರಾಯರಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ದೇವರ ಕರೆಗೆ ಓಗೊಟ್ಟು ತಂದೆಯ ಮನೆ ತೊರೆದ ಇಬ್ರಾಹೀಮರ ಕಥೆ ಮುಸ್ಲಿಮರಿಗೂ ಕ್ರೈಸ್ತರಿಗೂ ಸಮಾನ ಸೊತ್ತು. ಆದರೆ ಕಥೆಯಾಗಿ ಕೇಳುವುದು ಸುಲಭ. ಅಂದಿನ ಮಂಗಳೂರಿನಲ್ಲಿ ಜಾತಿ ಬಿಟ್ಟವನಿಗೆ ಮನೆ, ಊಟದ ಪಂಕ್ತಿ, ಬಂಧುಬಳಗ ಎಲ್ಲವೂ ಒಂದೇ ದಿನದಲ್ಲಿ ಇಲ್ಲವಾಗುತ್ತಿತ್ತು. ಮತ ಬದಲಿಸಿದವನ ಆಸ್ತಿಯ ಹಕ್ಕನ್ನು ಕಾಯುವ ಕಾಯಿದೆಯೂ ಇಲ್ಲಿಗೆ ಬಂದದ್ದು 1850ರಲ್ಲಿ. ಕೆಲಸ ಕಳಕೊಂಡ ಹೊಸ ಕ್ರೈಸ್ತರಿಗಾಗಿ ಬಾಸೆಲ್ ಮಿಶನ್ ನೇಯ್ಗೆ ಶಾಲೆ, ಹಂಚಿನ ಕಾರ್ಖಾನೆ ತೆರೆಯಬೇಕಾಯಿತು. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದು.

ಆನಂದರಾಯರಿಗೆ ಬಾಲ್ಯದಲ್ಲೇ ಮದುವೆಯಾಗಿತ್ತು. ಪತ್ನಿ ಲಕ್ಷ್ಮಿ ಅವರ ಹಿಂದೆ ಬರಲಿಲ್ಲ. ಮಿಶನರಿ ಚರಿತ್ರೆಗಳಲ್ಲಿ ಈ ಮಾತು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ. ಕರೆ ಕೇಳಿಸಿದ್ದು ಗಂಡನಿಗೆ. ಅದರ ಬೆಲೆ ತೆತ್ತವರಲ್ಲಿ ಕರೆ ಕೇಳಿಸದ ಆ ಹುಡುಗಿಯೂ ಇದ್ದಳು. ತಾನು ನಂಬಿದ್ದನ್ನು ಬಿಡಲಾರೆ ಎಂದು ನಿಂತವರು ಆ ಮನೆಯಲ್ಲಿ ಇಬ್ಬರು ಎಂದು ಹೇಳಿದರೂ ತಪ್ಪಾಗದು.

ಮುಂದೆ ಅವರು ಮೋಗ್ಲಿಂಗರೊಂದಿಗೆ ಯುರೋಪಿಗೆ ಹೋಗಿ ಬಾಸೆಲ್‌ನಲ್ಲಿ ಕಲಿತು, 1851ರಲ್ಲಿ ಪಾದ್ರಿಯಾಗಿ ಮರಳಿದರು. ಗುರುವಿನ ಹೆಸರೂ ಸೇರಿ ಹರ್ಮನ್ ಆನಂದರಾವ್ ಕೌಂಡಿನ್ಯ ಆಗಿದ್ದರು.

ಇಲ್ಲಿಯವರೆಗಿನದನ್ನೇ ಜನ ಸಾಹಸವೆಂದು ಹೇಳುತ್ತಾರೆ. ನಮಗೆ ದೊಡ್ಡದಾಗಿ ಕಾಣುವುದು ನಂತರದ್ದು. ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲೇ ಹೋಗಿತ್ತು, ಕಾಗದದ ಮೇಲೆ. ಗದ್ದೆಗಳಲ್ಲಿ ಹೊಲೆಯರೆಂದು ದೂರವಿರಿಸಲ್ಪಟ್ಟವರು ಒಡೆಯನ ಭೂಮಿಗೆ ಅಂಟಿಕೊಂಡೇ ದುಡಿಯುತ್ತಿದ್ದರು. ಅವರಲ್ಲಿ ಕೆಲವರು ಮೋಗ್ಲಿಂಗರ ಬಳಿಗೆ ಬಂದಾಗ ಎದ್ದ ಪ್ರಶ್ನೆ ಧರ್ಮದ್ದಲ್ಲ, ನೆಲದ್ದು. ಒಡೆಯನ ಹಟ್ಟಿ ಬಿಟ್ಟರೆ ಇರುವುದೆಲ್ಲಿ, ಉಣ್ಣುವುದೇನು? ಕೌಂಡಿನ್ಯರು ತಮ್ಮ ಸ್ವಂತ ಹಣ ಹಾಕಿ ಭೂಮಿ ಕೊಂಡು ಕಾಫಿ ತೋಟ ಮಾಡಿಸಿದರು. ಅಲ್ಲಿ ನೆಲೆಯಾದ ಊರಿಗೆ ಅವರ ಹೆಸರಿನಿಂದಲೇ ಆನಂದಪುರ ಎಂದಾಯಿತು. ಹೊಲೆಯನ ನೆರಳು ಸೋಕಿದರೆ ಮೈಲಿಗೆ ಎಂದು ಕಲಿತು ಬೆಳೆದ ಮನೆಯ ಮಗ ಅವರೊಂದಿಗೆ ಸಾಲು ಸಾಲಾಗಿ ಕುಳಿತು ಪ್ರಾರ್ಥಿಸಿದ್ದು ದೀಕ್ಷಾಸ್ನಾನಕ್ಕಿಂತ ಕಡಿಮೆ ಸಾಹಸವೇನಲ್ಲ.

ಮತಾಂತರದ ಮಾತೆತ್ತಿದೊಡನೆ ಆಮಿಷ ಎಂಬ ಪದ ನಮ್ಮಲ್ಲಿ ತಾನಾಗಿ ಬರುತ್ತದೆ. ಆನಂದರಾಯರ ವಿಷಯದಲ್ಲಿ ಹಣ ಹರಿದದ್ದು ಎದುರು ದಿಕ್ಕಿಗೆ.

1860ರಲ್ಲಿ ಪತ್ನಿಯ ಕಾಯಿಲೆಯಿಂದಾಗಿ ಮೋಗ್ಲಿಂಗ್ ಜರ್ಮನಿಗೆ ಹೋದರು, ಮತ್ತೆ ಬರಲಿಲ್ಲ. ಅದೇ ವರ್ಷ ಕೌಂಡಿನ್ಯರು ಜರ್ಮನ್ ಮಹಿಳೆ ಮರೀ ರೈನ್‌ಹಾರ್ಟ್ ಅವರನ್ನು ವರಿಸಿದರು. (ಅವರ ವಂಶದ, ಮಡಿಕೇರಿಯಲ್ಲಿ ಹುಟ್ಟಿದ ಓಟೋ ಕೌಂಡಿನ್ಯ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜರ್ಮನ್ ಹ್ಯಾಂಡ್‌ಬಾಲ್ ತಂಡದ ತರಬೇತುದಾರ!) ಗುರು ಹೋದ ಮೇಲೆ ಆನಂದಪುರದ ಹೊರೆ ಶಿಷ್ಯನ ಹೆಗಲಿಗೆ ಬಂತು. ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಆನಂದಪುರ ಕೊಡಗಿನಲ್ಲಿ ಈಗಲೂ ಇದೆ.