ಫಾರ್ಚುನಾಳಿಂದ ಪುಣ್ಯದವರೆಗೆ: ಒಂದು ಪದದ ಪೂರ್ವಚರಿತ್ರೆ

ಇಂಗ್ಲಿಷಿನಲ್ಲಿ ಒಳಿತು ಒದಗಿದ ಸಂದರ್ಭವನ್ನು ಸೂಚಿಸಲು ಬಳಸುವ ‘ಫಾರ್ಚುನೇಟ್ಲಿ’ ಎಂಬ ಕ್ರಿಯಾವಿಶೇಷಣದ ಮೂಲದಲ್ಲಿ ರೋಮನ್ನರ ದೇವತೆಯೊಬ್ಬಳಿದ್ದಾಳೆ. ಒಂದು ಕೈಯಲ್ಲಿ ಫಲಗಳು ತುಂಬಿತುಳುಕುವ ಕೊಂಬನ್ನೂ ಇನ್ನೊಂದರಲ್ಲಿ ಹಡಗಿನ ಚುಕ್ಕಾಣಿಯನ್ನೂ ಹಿಡಿದ ಈ ಫಾರ್ಚುನಾಳಿಗೆ ರೋಮಿನ ಪೂರ್ವಕ್ಕಿರುವ ಪ್ರೇನೆಸ್ಟೆಯಲ್ಲಿ ದೊಡ್ಡ ಗುಡಿಯಿತ್ತು. ಅಲ್ಲಿ ಹಳೆಯ ಅಕ್ಷರಗಳನ್ನು ಕೊರೆದ ಓಕ್ ಮರದ ತುಂಡುಗಳನ್ನು ಕಲಸಿ, ಮಗುವಿನ ಕೈಯಿಂದ ಒಂದನ್ನು ಎತ್ತಿಸಿ ಭವಿಷ್ಯ ಕೇಳುತ್ತಿದ್ದರೆಂದು ಸಿಸೆರೊ ದಾಖಲಿಸಿದ್ದಾನೆ. ದೇವತೆಯ ಹೆಸರು ‘ಆಕಸ್ಮಿಕ’ ಎಂಬರ್ಥದ ‘ಫಾರ್ಸ್’ ಎಂಬ ಲ್ಯಾಟಿನ್ ಪದದಿಂದ ಬಂದದ್ದರಿಂದ, ಅವಳು ಕೊಡುವುದು ಒಳಿತೂ ಆಗಬಹುದಿತ್ತು, ಕೆಡುಕೂ ಆಗಬಹುದಿತ್ತು.

ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಜೊತೆಗೆ ಅವಳ ಚಕ್ರದ ಕಲ್ಪನೆಯೂ ಬಂದಿತು. ಏರಿದವನನ್ನು ಇಳಿಸುವ ಆ ಚಕ್ರದ ಚರ್ಚೆಯಿರುವ, ರೋಮನ್ ತತ್ತ್ವಜ್ಞಾನಿ ಬೊಯೀಥಿಯಸ್‌ನ ಗ್ರಂಥವನ್ನು 14ನೆಯ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಅನುವಾದಿಸಿದನು. ಇದೇ ಅರ್ಥದಲ್ಲಿ ಬಳಸುವ ‘ಲಕ್ಕಿಲಿ’ ಎಂಬ ಪದದ ಹಾದಿ ಬೇರೆ. ಅದರ ಬೇರಾದ ‘ಲಕ್’ 15ನೆಯ ಶತಮಾನದ ಕೊನೆಯ ಭಾಗದಲ್ಲಿ ಡಚ್ ಹಾಗೂ ಕೆಳಜರ್ಮನ್ ಭಾಷೆಗಳಿಂದ, ಬಹುಶಃ ಜೂಜಾಡುವವರ ಮಾತಾಗಿ, ಬಂದಿತು. ವಿಲಿಯಂ ಟಿಂಡೇಲ್ 1530ರಲ್ಲಿ ಪ್ರಕಟಿಸಿದ ಆದಿಕಾಂಡದ ಅನುವಾದದಲ್ಲಿ ದೇವರ ಕೃಪೆಗೆ ಪಾತ್ರನಾದ ಯೋಸೇಫನನ್ನು ‘ಲಕ್ಕಿ’ ಎಂದೇ ಕರೆದರೆ, 1611ರ ಅಧಿಕೃತ ಅನುವಾದವು ಆ ಪದವನ್ನು ಕೈಬಿಟ್ಟು ‘ಏಳಿಗೆ ಹೊಂದಿದವನು’ ಎಂಬರ್ಥದ ಪದವನ್ನು ಇರಿಸಿಕೊಂಡಿತು.

ಬಳಕೆಯಲ್ಲಿ ಈ ಪದಗಳು ಸಾಮಾನ್ಯವಾಗಿ ವಾಕ್ಯವಿಶೇಷಣಗಳು, ಅಂದರೆ ಕ್ರಿಯೆ ನಡೆದ ರೀತಿಯನ್ನಲ್ಲದೆ ಇಡೀ ಸಂಗತಿಯ ಬಗ್ಗೆ ಹೇಳುವವನ ಭಾವವನ್ನು ತಿಳಿಸುವಂಥವು. ಹಳೆಯ ನಾರ್ಸ್ ಭಾಷೆಯ ‘ಹಾಪ್’ ಎಂಬ ಅದೃಷ್ಟವಾಚಕದಿಂದ ಬಂದ ‘ಹ್ಯಾಪಿಲಿ’ಯಲ್ಲಿ ಈ ಭೇದ ಎದ್ದು ಕಾಣುತ್ತದೆ: ಅದನ್ನು ವಾಕ್ಯದ ಮೊದಲಿಗಿಟ್ಟು ವಿರಾಮ ಕೊಟ್ಟರೆ ‘ಸದ್ಯ, ಅವನು ಹೊರಟುಹೋದ’ ಎಂಬ ಅರ್ಥ ಬರುತ್ತದೆ, ಕೊನೆಗಿಟ್ಟರೆ ‘ಅವನು ಸಂತೋಷದಿಂದ ಹೊರಟುಹೋದ’ ಎಂದಾಗುತ್ತದೆ.

ಇಂಗ್ಲಿಷ್-ಕನ್ನಡ ನಿಘಂಟು ನೋಡುವವರಿಗೆ ‘ಫಾರ್ಚುನೇಟ್ಲಿ’ಗೆ ಸಮನಾಗಿ ‘ಅದೃಷ್ಟವಶಾತ್’ ಎಂಬುದು ಸುಲಭವಾಗಿ ಹೊಳೆಯುತ್ತದೆ. ಆದರೆ ಅದೃಷ್ಟವೆಂದರೆ ‘ಕಾಣದ್ದು’, ಮೀಮಾಂಸೆ ಮತ್ತು ವೈಶೇಷಿಕ ದರ್ಶನಗಳಲ್ಲಿ ಮಾಡಿದ ಕರ್ಮವು ಫಲ ಕೊಡುವವರೆಗೂ ಉಳಿದಿರುವ ಅಗೋಚರ ಶಕ್ತಿ. ಮರದ ತುಂಡನ್ನು ಎತ್ತುವ ಮಗುವಿಗಾಗಲಿ ಜೂಜಿನ ದಾಳಕ್ಕಾಗಲಿ ಇಲ್ಲಿ ಎಡೆಯಿಲ್ಲ, ಏಕೆಂದರೆ ಬಂದದ್ದು ಹಿಂದೆ ಗಳಿಸಿದ್ದರ ಫಲವೇ. ಈ ನಂಬಿಕೆ ಇನ್ನೂ ಸ್ಪಷ್ಟವಾಗಿರುವುದು ಮನೆಮಾತಿನಲ್ಲಿ: ಮಗು ಬಾವಿಕಟ್ಟೆಯಿಂದ ಈಚೆಗೆ ಬಿದ್ದಾಗ ತಾಯಿ ‘ಪುಣ್ಯಕ್ಕೆ ಒಳಗೆ ಬೀಳಲಿಲ್ಲ’ ಎನ್ನುತ್ತಾಳೆ. ಇಂಗ್ಲಿಷ್ ವಾಕ್ಯ ಆಕಸ್ಮಿಕಕ್ಕೆ ಒಪ್ಪಿಸುವ ಒಳಿತನ್ನು ಕನ್ನಡದ ತಾಯಿ ಯಾರೋ, ಎಂದೋ ಮಾಡಿದ ಸತ್ಕರ್ಮದ ಲೆಕ್ಕಕ್ಕೆ ಬರೆಯುತ್ತಾಳೆ. ಆದ್ದರಿಂದ ಅನುವಾದಕನು ‘ಅದೃಷ್ಟವಶಾತ್’ ಎಂದು ಬರೆಯುವಾಗಲೆಲ್ಲ ಒಂದು ಲೋಕದೃಷ್ಟಿಯ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತಿರುತ್ತಾನೆ.