ಗುರುವಿಗೆ ಗುರುತು ಕೊಡುವವರು ಯಾರು?



ಕರಾಟೆ ಮಾಸ್ತರರ ಸೊಂಟದಲ್ಲಿ ಕಪ್ಪು ಪಟ್ಟಿಯನ್ನು ಕಂಡರೆ ನಮಗೆ ಸಮಾಧಾನವಾಗುತ್ತದೆ. ‘ಇವರು ಕಲಿತವರು, ಮಗುವನ್ನು ಕಳುಹಿಸಬಹುದು’ ಎಂದುಕೊಳ್ಳುತ್ತೇವೆ. ಆದರೆ ಈಗೀಗ ಮಕ್ಕಳನ್ನು ಸೆಳೆಯುತ್ತಿರುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಮಿಶ್ರ ಕಾಳಗಕಲೆಯಲ್ಲಿ ಎಲ್ಲರೂ ಒಪ್ಪಿದ ಒಂದು ಪಟ್ಟಿಯೇ ಇಲ್ಲ. ಗುದ್ದು, ಒದೆತ, ಕುಸ್ತಿಯ ಹಿಡಿತ, ನೆಲಕ್ಕೆ ಕೆಡವುವ ಪಟ್ಟು ಇವೆಲ್ಲವೂ ಅಲ್ಲಿ ಒಂದೇ ಕಣದಲ್ಲಿ ಬೆರೆಯುತ್ತವೆ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಪಂದ್ಯಾಟದ ಬಳಿಕ ಈ ಕಲೆ ಲೋಕವನ್ನೆಲ್ಲ ಸುತ್ತಿತು. ಅದನ್ನು ಕಲಿಸುವವರಿಗೂ ದರ್ಜೆ ಬೇಕೇ, ಸರ್ಟಿಫಿಕೇಟು ಬೇಕೇ ಎಂಬ ಚರ್ಚೆ ಹಲವೆಡೆ ನಡೆದಿದೆ. ಪ್ರಶ್ನೆ ಹೊಸತೆಂದು ತೋರಿದರೂ ನಮ್ಮ ನೆಲಕ್ಕೆ ಅದು ಹೊಸತಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು ಮತ್ತು ಬಲ ನೋಡಿ ವಿಂಗಡಿಸಲಾಗಿದೆ. ಅವರ ಸಾಧನೆ ಹೇಗಿರಬೇಕು, ಊಟ ಏನಿರಬೇಕು ಎಂಬುದೂ ಅಲ್ಲಿದೆ. ಎಂದರೆ, ಕಾದುವವರಿಗೆ ದರ್ಜೆ ಕಟ್ಟುವ ಯೋಚನೆ ಕನ್ನಡ ಅರಸನ ಆಸ್ಥಾನದಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಇತ್ತು. ಆದರೆ ಒಂದನ್ನು ಗಮನಿಸಬೇಕು. ಅದು ಕಾದುವವನಿಗೆ ಕೊಟ್ಟ ದರ್ಜೆಯೇ ಹೊರತು ಕಲಿಸುವವನಿಗೆ ಕೊಟ್ಟದ್ದಲ್ಲ. ಮೈಸೂರು ದಸರೆಯ ಕುಸ್ತಿಯಲ್ಲಿ ಗೆದ್ದವನಿಗೆ ಸಿಗುವ ‘ದಸರಾ ಕೇಸರಿ’, ‘ದಸರಾ ಕಂಠೀರವ’ ಬಿರುದುಗಳೂ ಅಂಥವೇ. ಗೆಲ್ಲುವ ಶಕ್ತಿ ಬೇರೆ, ಕಲಿಸುವ ಶಕ್ತಿ ಬೇರೆ.

ಹಾಗಾದರೆ ಕಲಿಸುವವನನ್ನು ಯಾರು ಗುರುತಿಸುತ್ತಿದ್ದರು? ಅದಕ್ಕೆ ನಮ್ಮ ಜಿಲ್ಲೆಯನ್ನೇ ನೋಡೋಣ. ಚಂದ್ರಗಿರಿ ಹೊಳೆಯ ಬಡಗು ದಿಕ್ಕಿಗೆ ತುಳುನಾಡಿನ ಗರಡಿಗಳು, ತೆಂಕಲಾಗಿ ಹೋದಂತೆ ಮಲೆಯಾಳದ ಕಳರಿಗಳು. ಕೋಟಿ-ಚೆನ್ನಯರ ಹೆಸರಿನ ಗರಡಿಗಳು ಇಂದು ಮುಖ್ಯವಾಗಿ ಆರಾಧನೆಯ ತಾಣಗಳಾಗಿ ಉಳಿದಿವೆ. ಕಳರಿಯಲ್ಲಾದರೋ ಸಾಧನೆ ಇನ್ನೂ ನಡೆದಿದೆ. ನೆಲವನ್ನು ತಗ್ಗಿಸಿ ಕಟ್ಟಿದ, 42 ಅಡಿ ಉದ್ದ, 21 ಅಡಿ ಅಗಲದ ಆ ಮನೆಯ ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ ಇರುತ್ತದೆ. ಹುಡುಗ ಮೊದಲು ಮೈ ಪಳಗಿಸುವ ಮೆಯ್ತಾರಿ ಕಲಿಯುತ್ತಾನೆ. ಬಳಿಕ ಕೋಲಿನ ಕೋಲ್ತಾರಿ, ಆಮೇಲೆ ಕತ್ತಿ-ಗುರಾಣಿಗಳ ಅಂಕತ್ತಾರಿ, ಕಟ್ಟಕಡೆಗೆ ಬರಿಗೈಯ ವಿದ್ಯೆ. ಮರ್ಮದ ಅರಿವು ಮತ್ತು ಚಿಕಿತ್ಸೆ ಎಲ್ಲಕ್ಕಿಂತ ಕೊನೆಗೆ. ಮೆಟ್ಟಿಲುಗಳಿವೆ, ಬಣ್ಣದ ಪಟ್ಟಿಗಳಿಲ್ಲ. ಯಕ್ಷಗಾನ ಮೇಳದಲ್ಲಿ ಕೋಡಂಗಿಯಿಂದ ತೊಡಗಿದ ಹುಡುಗ ವರ್ಷಗಳ ಬಳಿಕ ಪುಂಡುವೇಷಕ್ಕೆ ಏರುತ್ತಾನಲ್ಲ, ಹಾಗೆ. ಅವನ ಸರ್ಟಿಫಿಕೇಟನ್ನು ಯಾರೂ ಕೇಳುವುದಿಲ್ಲ. ರಾತ್ರಿಯಿಡೀ ಕೂತು ನೋಡುವ ಸಭೆಗೆ ಗೊತ್ತಿರುತ್ತದೆ.

ಹೌದು, ಊರೇ ಸಾಕ್ಷಿಯಾಗಿತ್ತು. ನೀಲೇಶ್ವರದ ಕಡೆಯ ತೆಯ್ಯಂ ಕಲಾವಿದರಿಗೆ ‘ಪಟ್ಟುಂ ವಳಯುಂ’, ಅಂದರೆ ರೇಷ್ಮೆ ವಸ್ತ್ರ ಮತ್ತು ಕೈಬಳೆ ಕೊಟ್ಟು, ಪಣಿಕ್ಕರ್, ಪೆರುವಣ್ಣಾನ್ ಮೊದಲಾದ ಆಚಾರಪದವಿ ನೀಡುವ ಪದ್ಧತಿಯನ್ನು ನೀವು ಬಲ್ಲಿರಿ. ಅದು ಹತ್ತು ಜನರ ಮುಂದೆ ಕೊಡುವ ಗುರುತು. ಪದವಿ ಪಡೆದವನು ತಪ್ಪಿದರೆ ಕೇಳುವವರೂ ಆ ಹತ್ತು ಜನರೇ.

ಆದರೆ ಹಳೆಯದೆಲ್ಲ ಚಿನ್ನವೆಂದು ಹೇಳಲಾರೆ. ಊರಿನ ಸಾಕ್ಷಿಗೆ ಜಾತಿಯ ಕಟ್ಟು ಇತ್ತು. ಯಾರಿಗೆ ಯಾವ ಪದವಿ ಎಂಬುದು ಎಷ್ಟೋ ಬಾರಿ ಹುಟ್ಟಿನಿಂದಲೇ ತೀರ್ಮಾನವಾಗುತ್ತಿತ್ತು. ಕಾಗದಕ್ಕೆ ಇರುವ ದೊಡ್ಡ ಗುಣ ಇದೇ: ಅದು ನ್ಯಾಯವಾಗಿ ನಡೆದರೆ ಪರೀಕ್ಷೆಗೆ ಕೂತವನ ಕುಲ ಕೇಳುವುದಿಲ್ಲ.

ಪಟ್ಟಿಯ ಕಥೆ ತೊಡಗುವುದು ಜಪಾನಿನಲ್ಲಿ. ಅಲ್ಲಿಯೂ ಹಿಂದೆ ಗುರು ತನ್ನ ಶಿಷ್ಯನಿಗೆ ಸುರುಳಿಯಲ್ಲಿ ಬರೆದು ಅನುಮತಿ ಕೊಡುತ್ತಿದ್ದ. ಜೂಡೋ ಕಲೆಯ ಸ್ಥಾಪಕ ಕಾನೋ ಜಿಗೊರೊ ವೃತ್ತಿಯಿಂದ ಶಿಕ್ಷಕರು. ಶಾಲೆಯ ತರಗತಿಗಳಂತೆ ಹಂತಗಳಿದ್ದರೆ ಕಲಿಯುವವರಿಗೆ ಹುರುಪು ಎಂದು ಬಗೆದು 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ‘ದಾನ್’ ದರ್ಜೆ ಕೊಟ್ಟರು. ಕರಾಟೆಯ ಫುನಾಕೋಶಿ ಗಿಚಿನ್ 1924ರಲ್ಲಿ ಅದೇ ದಾರಿ ಹಿಡಿದರು. ನಾವು ಬಹು ಪುರಾತನವೆಂದು ತಿಳಿದಿರುವ ಕಪ್ಪು ಪಟ್ಟಿಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಅದು ಹುಟ್ಟಿದ್ದೂ ಕಲಿಯುವವರಿಗಾಗಿ. ಕಲಿಸುವವರ ಯೋಗ್ಯತೆಯ ಮುದ್ರೆಯಾಗಿ ಅದನ್ನು ಓದತೊಡಗಿದ್ದು ಆಮೇಲಿನ ಮಾತು.

ನಮ್ಮಲ್ಲಿ ಆ ಕಾಲ ಇಳಿಗಾಲ. 1805ರಲ್ಲಿ ಪಳಶ್ಶಿರಾಜ ಮಡಿದ ಮೇಲೆ ಮಲಬಾರಿನಲ್ಲಿ ಆಯುಧವಿದ್ಯೆಗೆ ಆಸರೆ ತಪ್ಪಿತು. 1878ರ ಆಯುಧ ಕಾಯಿದೆ ಕತ್ತಿ ಹಿಡಿಯುವುದಕ್ಕೂ ಲೈಸನ್ಸು ಕೇಳಿತು. ಇಪ್ಪತ್ತನೆಯ ಶತಮಾನದಲ್ಲಿ ಸಿ.ವಿ. ನಾರಾಯಣನ್ ನಾಯರ್ ಮುಂತಾದವರು ಕಳರಿಯನ್ನು ಮತ್ತೆ ಜನರ ಮುಂದೆ ತಂದರು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದಾದ ಎರಡೇ ವರ್ಷಕ್ಕೆ, 1958ರಲ್ಲಿ, ಕೇರಳ ಕಳರಿಪಯಟ್ ಅಸೋಸಿಯೇಷನ್ ಹುಟ್ಟಿತು. ಅಲ್ಲಿಂದೀಚೆಗೆ ಕಳರಿ ಕ್ರೀಡೆಯ ಪಟ್ಟಿಗೂ ಏರಿತು. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಅದಕ್ಕೂ ಪದಕಗಳಿದ್ದವು. ಪದಕ ಬಂದಲ್ಲಿ ಅಂಕ ಬೇಕು, ಅಂಕ ಬಂದಲ್ಲಿ ನಿಯಮ ಬೇಕು. ತಪ್ಪಲ್ಲ. ಆದರೆ ಅಂಕ ಹಾಕಲು ಬರುವುದನ್ನು ಮಾತ್ರ ಕಲಿಸುವ ಅಪಾಯ ಅಲ್ಲಿದೆ. ಎತ್ತರದ ಒದೆತಕ್ಕೆ ಅಂಕ ಹಾಕಬಹುದು. ಉಳುಕಿದ ಕಾಲನ್ನು ನೋಡಿ ‘ಇವತ್ತು ಸಾಕು, ಮನೆಗೆ ಹೋಗು’ ಎನ್ನುವ ಗುರುವಿನ ವಿವೇಕಕ್ಕೆ ಯಾವ ತೀರ್ಪುಗಾರ ಅಂಕ ಹಾಕಿಯಾನು?

ಇನ್ನೊಂದು ಘಟನೆ ನಮ್ಮನ್ನು ಹೆಚ್ಚು ತಟ್ಟಬೇಕಾದದ್ದು. 2018ರ ಏಪ್ರಿಲಿನಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಂಗೀಕೃತ ಯೋಗ್ಯತೆ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ಅದು ಕಳರಿಯ ಮೇಲಿನ ತೀರ್ಪಲ್ಲ. ಆದರೂ ಎಣ್ಣೆ ತಿಕ್ಕಿ ಉಳುಕು ತೆಗೆಯುವ, ಮುರಿದ ಮೂಳೆ ಕಟ್ಟುವ ಗುರುಕ್ಕಳರ ಅಂಗಳದವರೆಗೂ ಅದರ ನೆರಳು ಚಾಚುತ್ತದೆ. ಕೋರ್ಟಿನ ಕಾಳಜಿ ರೋಗಿಯ ಪ್ರಾಣ. ಗುರುಕ್ಕಳರ ಸಂಕಟ ತಲೆಮಾರುಗಳ ಅನುಭವ. ಎರಡೂ ಸುಳ್ಳಲ್ಲ. ಕಾಲ ಮೀರುವ ಮೊದಲೇ ಬಲ್ಲವರು ಕೂಡಿ, ಯಾವುದು ಪರೀಕ್ಷೆಗೆ ಒಳಗಾಗಬೇಕು, ಯಾವುದನ್ನು ಪರಂಪರೆಗೆ ಬಿಡಬಹುದು ಎಂದು ಗೆರೆ ಹಾಕಿಕೊಳ್ಳದಿದ್ದರೆ, ಆ ಗೆರೆಯನ್ನು ಬೇರೆಯವರು ಹಾಕುತ್ತಾರೆ. ಈ ಪಾಠ ಮಿಶ್ರ ಕಾಳಗದ ಮಾಸ್ತರರಿಗೂ ಸಲ್ಲುತ್ತದೆ.

ನನ್ನ ಅಭಿಪ್ರಾಯ ಇಷ್ಟು. ದರ್ಜೆ ಬೇರೆ, ಯೋಗ್ಯತಾಪತ್ರ ಬೇರೆ. ಯಾರು ದೊಡ್ಡ ಗುರು ಎಂಬುದನ್ನು ಶಿಷ್ಯರೂ ಊರೂ ಹೇಳಲಿ. ವಡಗರೆಯ ಮೀನಾಕ್ಷಿಯಮ್ಮನವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಅದಕ್ಕೂ ಮೊದಲೇ ಅವರು ಶಿಷ್ಯರ ಬಾಯಲ್ಲಿ ಗುರುಕ್ಕಳ್ ಆಗಿದ್ದರು. ಆದರೆ ಊರಿನ ಕಣ್ಣಿಗೆ ಕಾಣದ ಕೆಲವು ಸಂಗತಿಗಳಿವೆ. ತಲೆಗೆ ಬಲವಾದ ಪೆಟ್ಟು ಬಿದ್ದ ಹುಡುಗನನ್ನು ಅದೇ ದಿನ ಮತ್ತೆ ಕಣಕ್ಕೆ ಇಳಿಸಬಾರದೆಂದು ಮಾಸ್ತರರಿಗೆ ತಿಳಿದಿದೆಯೇ? ಪ್ರಥಮ ಚಿಕಿತ್ಸೆ ಬರುತ್ತದೆಯೇ? ಎಳೆಯ ಮಕ್ಕಳನ್ನು, ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆಯೇ? ತಪ್ಪಾದರೆ ದೂರು ಕೇಳುವವರು ಯಾರು? ಹಿಂದೆ ಗುರುವಿನ ಮನೆ, ಗುರುವಿನ ಗುರು ಎಲ್ಲರಿಗೂ ಗೊತ್ತಿದ್ದರು. ಇಂದು ಕಲಿಸುವವರು ಬೇರೆ ಊರಿಂದ ಬಸ್ಸಿಳಿದು ಬಂದು, ಬಾಡಿಗೆಯ ಕೋಣೆಯಲ್ಲಿ ಒಂದು ತಾಸು ಕಲಿಸಿ ಹೋಗುವುದುಂಟು. ಅಲ್ಲಿ ಊರು ಸಾಕ್ಷಿ ಹೇಳಲಾರದು, ಕಾಗದ ಬೇಕು. ಆ ಪರೀಕ್ಷೆ ನಮ್ಮಂಥ ಗಡಿಯೂರುಗಳಲ್ಲಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ನಡೆಯಬೇಕು. ಇಲ್ಲವಾದರೆ ವಿದ್ಯೆ ಬಲ್ಲವನು ಭಾಷೆಯ ಹೊಸ್ತಿಲಲ್ಲೇ ಸೋತಾನು.

ಮಗುವನ್ನು ಕಳುಹಿಸುವ ಮೊದಲು, ಗೋಡೆಗೆ ತೂಗಿದ ಕಾಗದವನ್ನು ಓದಿರಿ. ಬಳಿಕ ಒಂದು ಸಂಜೆ ಹೊರಗೆ ನಿಂತು, ಸೋತ ಹುಡುಗನ ಜೊತೆ ಆ ಮಾಸ್ತರರು ಹೇಗೆ ಮಾತನಾಡುತ್ತಾರೆಂಬುದನ್ನೂ ಕೇಳಿರಿ.