ಚಿತ್ರಗಾರ ವೆಂಕಟಪ್ಪನವರು

ವಿಜಯನಗರ, ರಾಜಾಜಿನಗರಗಳಿಂದ ಕಬ್ಬನ್ ಉದ್ಯಾನಕ್ಕೆ ವಿಹಾರಾರ್ಥವಾಗಿ ಬರುವ ಶ್ರೋತೃಗಳು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಕಂಡಿರಬಹುದು. ಈ ವೆಂಕಟಪ್ಪನವರು ಯಾರೆಂದು ವಿಚಾರಿಸಿದವರು ವಿರಳ.

ಅವರು 1886ನೆಯ ಇಸವಿಯಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ಅರಮನೆಗಾಗಿ ಚಿತ್ರ ಬರೆಯುವುದೇ ಆ ಮನೆತನದ ಕಸುಬು. ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರೋತ್ಸಾಹದಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಅಲ್ಲಿ ಅಬನೀಂದ್ರನಾಥ ಠಾಕೂರರು ಗುರುಗಳು, ನಂದಲಾಲ ಬೋಸರು ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಆಂಗ್ಲ ಗ್ರಂಥವು 1913ರಲ್ಲಿ ಪ್ರಕಟವಾದಾಗ, ಅದರಲ್ಲಿ ಈ ಮೈಸೂರಿನ ತರುಣನ ರಾಮಾಯಣದ ಚಿತ್ರಗಳೂ ಇದ್ದವು.

ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸಕ್ಕೆ ತೊಡಗಿದರು. ಆ ಹುಚ್ಚು ಎಷ್ಟು ಬಲಿಯಿತೆಂದರೆ, ಅದನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಿತ್ರವನ್ನೂ ರಚಿಸಿದರು!

ಆದರೆ ಅವರ ನಿಜವಾದ ಹಿರಿಮೆಯನ್ನು ನಾವು ಕಾಣುವುದು ಉದಕಮಂಡಲ, ಕೊಡೈಕೆನಾಲ್‌ಗಳ ಜಲವರ್ಣಚಿತ್ರಗಳಲ್ಲಿ. ವಂಗದೇಶದ ಗುರುಗಳು ಕಲಿಸಿದ್ದು ಪುರಾಣಲೋಕವನ್ನು ಮನಸ್ಸಿನಲ್ಲಿ ಕಂಡು ಬರೆಯುವುದನ್ನು. ಶಿಷ್ಯರು ಬೆಟ್ಟದ ಮೇಲೆ ನಿಂತು ಕಣ್ಣಿಗೆ ಕಂಡದ್ದನ್ನೇ ನಂಬಿದರು. ಮಂಜು ಕಣಿವೆಯಿಂದ ಏಳುವ ಬಗೆ, ಕೆರೆಯ ನೀರಿನ ಮೇಲೆ ಬೆಳಕು ಬೀಳುವ ಬಗೆ, ಮಳೆಗೆ ಮುಂಚಿನ ಆಕಾಶದ ಬಣ್ಣ, ಇವೇ ಅಲ್ಲಿ ಕಥಾನಾಯಕರು. ದೇವತೆಗಳೂ ಇಲ್ಲ, ರಾಜರೂ ಇಲ್ಲ. ಅರಮನೆಯ ಚಿತ್ರಗಾರರ ವಂಶದವರೊಬ್ಬರು ಹೀಗೆ ಬರೆದದ್ದು ಅಲ್ಪ ಸಾಹಸವಲ್ಲ.

ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನೂ ಅವರು ರಚಿಸಿದರು. ಶಕುಂತಲೆಯ ಬೀಳ್ಕೊಡುಗೆ, ಶಿವತಾಂಡವ ಮೊದಲಾದವು ಅವು. 1940ರಲ್ಲಿ ನಾಲ್ವಡಿಯವರು ಕಾಲವಾದರು, ಆಶ್ರಯ ತಪ್ಪಿತು. ವೆಂಕಟಪ್ಪನವರು ಬೆಂಗಳೂರಿಗೆ ಬಂದು, ತಮ್ಮ ಶ್ರಮಕ್ಕೆ ಸಲ್ಲಬೇಕಾದ ಪ್ರತಿಫಲವನ್ನು ಕೋರಿ ಅರಮನೆಯ ಮೇಲೆಯೇ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಸಂಸ್ಥಾನದ ಪ್ರಜೆಯೊಬ್ಬನಿಗೆ, ಅದರಲ್ಲಿಯೂ ಅರಮನೆಯ ಅನ್ನ ಉಂಡ ಮನೆತನದವನಿಗೆ, ಇದು ಕೃತಘ್ನತೆಯೆಂದು ಅಂದಿನ ಹಲವರಿಗೆ ತೋರಿರಬೇಕು. ನಮಗೆ ಹಾಗೆ ತೋರುವುದಿಲ್ಲ. ಹಿಂದೆ ಮಹಾರಾಜರ ಸಂತೋಷದಿಂದ ದೊರೆಯುತ್ತಿದ್ದುದು ಇನಾಮು. ಅವರು ಕೇಳಿದ್ದು ಇನಾಮನ್ನಲ್ಲ, ಕೂಲಿಯನ್ನು. ಕಲಾವಿದನು ಆಶ್ರಿತನೋ, ಕೆಲಸಗಾರನೋ ಎಂಬ ಈ ಪ್ರಶ್ನೆ ನಮ್ಮ ನಾಡಿನಲ್ಲಿ ಇಷ್ಟು ನೇರವಾಗಿ ಅದಕ್ಕೆ ಮೊದಲು ಎದ್ದುದು ಅಪೂರ್ವ.

ತೀರ್ಪು ಅವರ ಪರವಾಗಲಿಲ್ಲ. ಆ ಬಳಿಕ ಅವರು ಕುಂಚವನ್ನು ಬಹುಮಟ್ಟಿಗೆ ಬದಿಗಿಟ್ಟರು. ಅವಿವಾಹಿತರಾಗಿ, ಮಿತಭಾಷಿಗಳಾಗಿ, ಶಿಸ್ತಿನಿಂದ ಬಾಳಿ 1965ರಲ್ಲಿ ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ ತಲೆಯೆತ್ತಿದ್ದು 1975ರ ಸುಮಾರಿಗೆ; ಉದಕಮಂಡಲದ ಆ ಮಂಜು ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ.